ಟ್ಯಾಂಕಿನ ಎಡಬದಿಯ ಟ್ಯಾಪ್

ಅಲ್ ಹೈಲ್, ಮಸ್ಕತ್
8 ನವೆಂಬರ್ 2022

ಮುನಾಫ್‌ಗೆ ಸಲಾಂ.

ಅಕ್ಕನ ಅಕ್ಷರ ನೋಡಿ ನೀನು ಮೊದಲು ಕೊನೆಯ ಸಾಲಿಗೆ ಹಾರುತ್ತೀ, ಯಾರಿಗೆ ಎಂತ ಆಯಿತು ಅಂತ. ಯಾರಿಗೂ ಏನೂ ಆಗಿಲ್ಲ. ಆಗುವ ಮೊದಲೇ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಎರಡು ಸಲ ಮಾಡಿದೆ. ನಿನ್ನ ಭಾವನ ಹೆಸರು ಎತ್ತಿದ ತಕ್ಷಣ ಕಟ್ ಮಾಡಿದ್ದು ನೀನು. ಕಾಗದವನ್ನು ಕಟ್ ಮಾಡಲಿಕ್ಕೆ ಆಗುವುದಿಲ್ಲ. ಹರಿಯಬಹುದು, ಆದರೆ ಹರಿಯುವ ಮೊದಲು ಓದುತ್ತೀ, ನಿನ್ನ ಬುದ್ಧಿ ನನಗೆ ಗೊತ್ತುಂಟು. ತರಕಾರಿ ವ್ಯಾಪಾರದ ಶರ್ಫುದ್ದೀನ್ ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುತ್ತಾರೆ. ಖರ್ಜೂರದ ಪ್ಯಾಕೆಟ್ಟಿನೊಳಗೆ ಇದನ್ನು ಇಟ್ಟಿದ್ದೇನೆ.

ವಿಷಯ ಆ ಬೈಕಿನದ್ದು. ನೀನೂ ನಿನ್ನ ಭಾವನೂ ಸೇರಿ ಎಬ್ಬಿಸಿದಿರಲ್ಲ, ಆ ಕೆಂಪು ಬೈಕು. ಅಲ್ ಮವಾಲೇಹ್‌ನ ನಿನ್ನ ಗ್ಯಾರೇಜಿನಲ್ಲಿ ಹದಿನಾಲ್ಕು ಶುಕ್ರವಾರ ಅದರ ಹೊಟ್ಟೆ ಬಗೆದು ಕೂತಿರಿ. ನಿನ್ನ ಕಾಲು ಮುರಿದು ನಾಲ್ಕು ವರ್ಷ ಆಯಿತು, ನೀನು ಊರಿಗೆ ಹೋದೆ, ಅದು ಇನ್ನೂ ಇಲ್ಲೇ ಉಂಟು. ಕಟ್ಟಡದ ಕೆಳಗೆ, ಕಂಬದ ಪಕ್ಕ, ಹೊದಿಕೆ ಹೊದ್ದು ಮಲಗಿರುತ್ತದೆ. ಮಗಳು ರಿಫಾಳಿಗೆ ಜ್ವರ ಬಂದಾಗ ಕೂಡ ಇವರು ಅಷ್ಟು ಸಲ ಹೊದಿಕೆ ಸರಿಮಾಡಿರಲಿಕ್ಕಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು!

ಪ್ರತಿ ಶುಕ್ರವಾರ ನಸುಕಿನ ಸುಬುಹಿ ನಮಾಝಿಗೆ ಮಸೀದಿಗೆ ಹೋಗಿ ಬಂದವರೇ ಬೈಕ್ ಹತ್ತುತ್ತಾರೆ. "ಮಧ್ಯಾಹ್ನದ ಜುಮಾಕ್ಕೆ ಮೊದಲು ಬರ್ತೇನೆ" ಎನ್ನುತ್ತಾರೆ. ಬರುತ್ತಾರೆ ಕೂಡ, ಸುಳ್ಳು ಹೇಳಬಾರದು. ಆದರೆ ಆ ನಾಲ್ಕೈದು ಗಂಟೆ ನಾನು ಬದುಕುವುದಿಲ್ಲ. ಫೋನ್ ರಿಂಗಾದರೆ ಎದೆ ಬಾಯಿಗೆ ಬರುತ್ತದೆ ಅಂತ ಸೈಲೆಂಟ್ ಮಾಡಿ ಕಪಾಟಿನಲ್ಲಿ ಇಡುತ್ತೇನೆ.

ಈಗ ಹೊಸದೊಂದು ಸೇರಿದೆ. ಅವರ ಎಡಗೈ ಸರಿ ಇಲ್ಲ. ನನಗೆ ಹೇಳಿಲ್ಲ, ನಾನು ಕಂಡದ್ದು. ಅಂಗಿಯ ಗುಂಡಿ ಹಾಕುವಾಗ ಬೆರಳನ್ನೇ ನೋಡುತ್ತಾ ಹಾಕುತ್ತಾರೆ. ಮೊನ್ನೆ ಸುಲೈಮಾನಿ ಚಾದ ಗ್ಲಾಸು ಎಡಗೈಯಿಂದ ಜಾರಿತು. "ಬಿಸಿ ಇತ್ತು" ಎಂದರು. ಬಿಸಿ ಇರಲಿಲ್ಲ ಮಾರಾಯ, ಅರ್ಧ ಗಂಟೆ ಮೊದಲು ಸೋಸಿದ್ದು. ಸಕ್ಕರೆ ಕಾಯಿಲೆ ಏಳು ವರ್ಷದ್ದು, ವಯಸ್ಸು ಐವತ್ತೆರಡು. ಆ ಬೈಕಿನ ಕ್ಲಚ್ಚು ಯಾವ ಕೈಯಲ್ಲಿ ಎಂದು ನಿನಗೆ ನಾನು ಹೇಳಬೇಕಾ?

ಡಾಕ್ಟರ ಹತ್ತಿರ ಹೋಗುವ ಎಂದರೆ "ಖಲಾಸ್, ಆ ಮಾತು ಬೇಡ" ಎನ್ನುತ್ತಾರೆ. ಆದ್ದರಿಂದ ನಿನ್ನನ್ನು ಕೇಳುತ್ತೇನೆ: ಆ ಬೈಕಿನ ಯಾವ ತಂತಿ ಕಿತ್ತರೆ ಅದು ಏಳುವುದಿಲ್ಲ? ನನಗೆ ತಿಳಿಯುವ ಹಾಗೆ ಬರೆ. ಬಣ್ಣ ಹೇಳಿದರೆ ಸಾಕು.

ನಿನ್ನ ಅಕ್ಕ,
ಫಾತಿಮಾ

*

ಉಪ್ಪಿನಂಗಡಿ
20 ನವೆಂಬರ್ 2022

ಅಕ್ಕನಿಗೆ ಸಲಾಂ.

ಖರ್ಜೂರ ಸಿಕ್ಕಿತು. ಕಾಗದ ಹರಿಯಲಿಲ್ಲ, ನೀನೇ ಗೆದ್ದೆ.

ತಂತಿಯ ಆಸೆ ಬಿಡು. ಅದರಲ್ಲಿ ನೀನು ಯಾವ ತಂತಿ ಕಿತ್ತರೂ ಹತ್ತು ನಿಮಿಷದಲ್ಲಿ ಭಾವನಿಗೆ ಸಿಗುತ್ತದೆ. ಹೊಸ ಬೈಕಾಗಿದ್ದರೆ ಕಂಪ್ಯೂಟರ್ ತಂದು ಜೋಡಿಸಬೇಕು, ಏಜೆನ್ಸಿಯವರ ಮುಖ ನೋಡಬೇಕು. ಇದು ತೊಂಬತ್ತೆಂಟರ ಮಾಡೆಲ್. ಅದರೊಳಗೆ ಕೈಗೆ ಸಿಗದ್ದು, ಕಣ್ಣಿಗೆ ಕಾಣದ್ದು ಏನೂ ಇಲ್ಲ. ಒಂದೊಂದು ಬೋಲ್ಟನ್ನೂ ನಾವೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಾಕಿದ್ದೇವೆ.

ನೀನು ಕೇಳಲಿಲ್ಲ, ಆದರೆ ನೀನು ಕೇಳಿದ್ದು ಅದನ್ನೇ: ಇಷ್ಟು ವಯಸ್ಸಾದ ಮೇಲೂ ಆ ಹಳೆಯ ಗುಜರಿಯ ಮೇಲೆ ಯಾಕೆ ಈ ಪ್ರೀತಿ ಅಂತ. ನಾನು ಹೇಳುತ್ತೇನೆ. ಬೆಳಿಗ್ಗೆ ಅದು ಸುಮ್ಮನೆ ಏಳುವುದಿಲ್ಲ. ಚೋಕ್ ಎಳೆದು, ಚಳಿ ಎಷ್ಟಿದೆ ನೋಡಿ, ಅಷ್ಟಕ್ಕೆ ತಕ್ಕ ಹಾಗೆ ಬಿಡಬೇಕು. ನಾಲ್ಕು ಕಾರ್ಬೊರೇಟರ್ ಒಂದೇ ಉಸಿರು ತೆಗೆಯುವ ಹಾಗೆ ಹೊಂದಿಸಬೇಕು, ಅದಕ್ಕೆ ಕಿವಿ ಬೇಕು. ಊರೊಳಗೆ ಓಡಿಸಿದರೆ ಅದಕ್ಕೂ ಬೇಸರ, ನಮಗೂ ಬೆನ್ನು ನೋವು. ಆದರೆ ಬೆಟ್ಟದ ದಾರಿಗೆ ಬಿದ್ದು, ಎಂಜಿನ್ ತಿರುಗುವ ವೇಗದ ಮುಳ್ಳು ಏಳು ಸಾವಿರ ದಾಟಿತೆಂದರೆ ಅದರ ಸ್ವರವೇ ಬೇರೆ. ಆಗ ಮೊಣಕಾಲಿಗೆ ತಾಗುವ ಟ್ಯಾಂಕಿನ ನಡುಕದಲ್ಲಿಯೇ ಗೊತ್ತಾಗುತ್ತದೆ, ಟಯರ್ ಹಿಡಿದಿದೆಯೋ ಇಲ್ಲವೋ ಅಂತ. ಹೊಸ ಬೈಕು ನಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ. ಇದು ಮುಖಕ್ಕೇ ಹೇಳುತ್ತದೆ. ಆಫೀಸಿನಲ್ಲಿ ಮ್ಯಾನೇಜರ್, ಮನೆಯಲ್ಲಿ ಹೆಂಡತಿ, ಕೆಲಸಕ್ಕೆ ಕರೆಸಿಕೊಂಡ ಕಫೀಲ್, ವೀಸಾ, ಯಾವುದರಲ್ಲೂ ಮನುಷ್ಯನಿಗೆ ತನ್ನ ಕೈಯ ಕೆಲಸ ಅಷ್ಟು ನೇರವಾಗಿ ಕಾಣುವುದಿಲ್ಲ. ಭಾವನಿಗೆ ಹದಿನೆಂಟು ವರ್ಷ ಇರುವಾಗ ಇಲ್ಲಿಯ ಕ್ಷೌರದಂಗಡಿಯ ಗೋಡೆಯಲ್ಲಿ ಅಂಥದ್ದೇ ಬೈಕಿನ ಚಿತ್ರ ಇತ್ತು. ಕೂದಲು ಬೆಳೆಯದಿದ್ದರೂ ಹೋಗಿ ಕೂರುತ್ತಿದ್ದರಂತೆ.

ನಿನ್ನ ಕೈಗೆ ಸಿಗುವುದು ಒಂದೇ ಒಂದು: ಟ್ಯಾಂಕಿನ ಎಡಬದಿ, ಕೆಳಗೆ, ಹೆಬ್ಬೆರಳಿನಷ್ಟು ದೊಡ್ಡ ಪೆಟ್ರೋಲ್ ಟ್ಯಾಪು. ಹಿಡಿ ಕೆಳಮುಖವಾದರೆ ತೆರೆದ ಹಾಗೆ, ಅಡ್ಡವಾದರೆ ಮುಚ್ಚಿದ ಹಾಗೆ. ಮುಚ್ಚಿದರೂ ಕಾರ್ಬೊರೇಟರಿನಲ್ಲಿ ನಿಂತ ಪೆಟ್ರೋಲಿನಲ್ಲಿ ಎರಡು ಕಿಲೋಮೀಟರ್ ಓಡಿ, ಆಮೇಲೆ ನಿಲ್ಲುತ್ತದೆ. ಆದರೆ ಅದೂ ನಡೆಯುವುದಿಲ್ಲ ಬಿಡು. ಕೀ ತಿರುಗಿಸುವ ಮೊದಲು ಅವರ ಎಡಗೈ ತಾನಾಗಿ ಆ ಟ್ಯಾಪಿಗೆ ಹೋಗುತ್ತದೆ, ನೋಡದೆ, ಮುಟ್ಟಿಯೇ ತಿಳಿಯುತ್ತಾರೆ. ಕಲಿಸಿದವ ನಾನೇ.

ನನ್ನ ಕೋಪ ಹಾಗೇ ಉಂಟು. ಕುರಿಯಾತ್ ದಾರಿಯ ತಿರುವಿನಲ್ಲಿ ನಾನು ನನ್ನ ಬೈಕಿನಿಂದ ಬಿದ್ದು ಒದ್ದಾಡುವಾಗ ಅವರು ಕೆಂಪು ಬೈಕಿನಲ್ಲಿ ಹನ್ನೊಂದು ಕಿಲೋಮೀಟರ್ ಮುಂದೆ ಹೋಗಿದ್ದರು. ಆಡು ಸಾಗಿಸುತ್ತಿದ್ದ ಒಮಾನಿಯೊಬ್ಬ ಪಿಕಪ್ ನಿಲ್ಲಿಸಿ ನೀರು ಕೊಟ್ಟ. ಆಸ್ಪತ್ರೆಗೆ ಬಂದು ಭಾವ ಹೇಳಿದ ಮೊದಲ ಮಾತು ಎಂತ ಗೊತ್ತಾ? "ತಿರುವಿಗೆ ನುಗ್ಗಿದ್ದು ನಿನ್ನ ತಪ್ಪು." ಕಾಲಿಗಿಂತ ಅದು ನೋವಾಯಿತು. ಕಾಲಿಗಾದರೆ ರಾಡ್ ಹಾಕಿದರು.

ಒಣಮೀನು, ಮಾವಿನ ಉಪ್ಪಿನಕಾಯಿ ಕಳಿಸಿದ್ದೇನೆ. ಡಾಕ್ಟರಿಗೆ ತೋರಿಸು.

ಮುನಾಫ್

*

ಅಲ್ ಹೈಲ್
9 ಡಿಸೆಂಬರ್ 2022, ಶುಕ್ರವಾರ

ಮುನಾಫ್,

ನೀನು ಹೇಳಿದ್ದನ್ನು ಮಾಡಿದೆ. ಬೈಯಬೇಡ.

ಗುರುವಾರ ಸಂಜೆಯೇ ಅವರು ಚೈನಿಗೆ ಎಣ್ಣೆ ಬಿಟ್ಟು, ಗಾಳಿ ನೋಡಿ, ಟ್ಯಾಪು ತೆರೆದು ತಯಾರು ಮಾಡಿ ಇಡುತ್ತಾರೆ. ಹೋದ ಶುಕ್ರವಾರ ಅವರು ಸುಬುಹಿಗೆ ಮಸೀದಿಗೆ ಹೋದಾಗ ನಾನು ಕೆಳಗೆ ಇಳಿದೆ. ಇಪ್ಪತ್ತು ನಿಮಿಷ ಸಮಯ ಇತ್ತು. ಹೊದಿಕೆ ಎತ್ತಿ ಟ್ಯಾಪು ಹುಡುಕಿದೆ, ಅಡ್ಡ ತಿರುಗಿಸಿದೆ, ಹೊದಿಕೆ ಮೊದಲಿನ ಹಾಗೆ ಹೊದೆಸಿ ಓಡಿ ಬಂದು ಹಾಸಿಗೆಗೆ ಬಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನ ಹತ್ತಿರ ಕಳ್ಳಿಯ ಹಾಗೆ! ಗೇಟಿನ ಹತ್ತಿರವೇ ನಿಲ್ಲುತ್ತದೆ, ಬೈಯುತ್ತಾ ಮೇಲೆ ಬರುತ್ತಾರೆ, ಪತ್ತಿರಿ ತಿನ್ನುತ್ತಾರೆ ಎಂದು ಲೆಕ್ಕ ಹಾಕಿ ಹಿಟ್ಟು ಕೂಡ ಕಲಸಿದೆ.

ಸದ್ದು ಹೋಯಿತು. ದೂರ ಹೋಯಿತು. ಇವರು ಬಂದದ್ದು ಹನ್ನೊಂದು ಗಂಟೆಗೆ. ಟ್ಯಾಪಿನ ಸುದ್ದಿ ಎತ್ತಲಿಲ್ಲ. ತಣ್ಣಗಾದ ಪತ್ತಿರಿ ತಿಂದು ಜುಮಾಕ್ಕೆ ಹೋದರು.

ಈ ದಿನ ಮತ್ತೆ ಮುಚ್ಚಿದೆ. ಮತ್ತೆ ಹೋದರು, ಮತ್ತೆ ಬಂದರು. ನಿನ್ನ ಟ್ಯಾಪಿಗೆ ಬೆಂಕಿ ಬೀಳಲಿ, ಅದು ಕೆಲಸ ಮಾಡುವುದಿಲ್ಲ. ಆದರೂ ಬಿಡುವುದಿಲ್ಲ, ಪ್ರತಿ ಶುಕ್ರವಾರ ಮುಚ್ಚುತ್ತೇನೆ. ಒಂದು ದಿನವಾದರೂ ನಿಂತೀತು.

ಒಂದು ವಿಚಿತ್ರ. ಅವರ ಬೂಟಿನಿಂದ ಮರಳು ಬೀಳುತ್ತಿದೆ. ಮೊದಲು ಇರಲಿಲ್ಲ. ಬೆಟ್ಟದ ದಾರಿಯಲ್ಲಿ ಅಷ್ಟು ಸಣ್ಣ ಮರಳು ಎಲ್ಲಿಂದ? ಎಲ್ಲಾದರೂ ಬಿದ್ದು ಎದ್ದು ಬರುತ್ತಿದ್ದಾರಾ? ಜಾಕೆಟ್ಟು ತಿರುಗಿಸಿ ತಿರುಗಿಸಿ ನೋಡಿದೆ, ಉಜ್ಜಿದ ಗುರುತಿಲ್ಲ.

ಫಾತಿಮಾ

*

ಉಪ್ಪಿನಂಗಡಿ
24 ಡಿಸೆಂಬರ್ 2022

ಅಕ್ಕಾ,

ನಾನು ನಿನ್ನೆ ಕಳಿಸಿದ ಮೆಸೇಜು ನೋಡಿ ನೀನು ನಿಲ್ಲಿಸಿರುತ್ತೀ ಎಂದುಕೊಂಡಿದ್ದೇನೆ. ಆದರೂ ಕಾಗದದಲ್ಲಿ ಬರೆಯುತ್ತೇನೆ, ಯಾಕೆಂದರೆ ಇದು ಮೆಸೇಜಿನಲ್ಲಿ ಹಿಡಿಯುವ ಮಾತಲ್ಲ. ಆ ಟ್ಯಾಪನ್ನು ಇನ್ನು ಮುಟ್ಟಬೇಡ. ಉಮ್ಮನ ಮೇಲೆ ಆಣೆ.

ನಾನು ಎಂಥ ಕತ್ತೆ! ಕೆಲಸದ ಹುಮ್ಮಸ್ಸಿನಲ್ಲಿ ಹೇಳಿಬಿಟ್ಟೆ. ಎರಡು ಕಿಲೋಮೀಟರ್ ಎಂದರೆ ನಿಮ್ಮ ಗೇಟಲ್ಲ. ಎರಡು ಕಿಲೋಮೀಟರ್ ಎಂದರೆ ದೊಡ್ಡ ರಸ್ತೆ, ನೂರರ ವೇಗದಲ್ಲಿ ಬರುವ ಲಾರಿಗಳು. ನಡುರಸ್ತೆಯಲ್ಲಿ ಎಂಜಿನ್ ಉಸಿರು ಬಿಟ್ಟರೆ ಹಿಂದಿನವನಿಗೆ ಗೊತ್ತಾಗುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ಇಷ್ಟು ದಿನ ಏನೂ ಆಗದಿದ್ದದ್ದು ಅವರ ಎಡಗೈ ಟ್ಯಾಪಿಗೆ ಹೋಗುವ ಅಭ್ಯಾಸದಿಂದ. ಆ ಕೈಯೇ ಸರಿ ಇಲ್ಲ ಎಂದು ನೀನು ಬರೆದಿದ್ದೆ. ಅದನ್ನು ಓದಿಯೂ ನಾನು ಟ್ಯಾಪಿನ ಸುದ್ದಿ ಬರೆದೆನಲ್ಲ!

ನಿನ್ನ ಕಾಗದ ನನ್ನ ಕೈಗೆ ಬಂದದ್ದು ನಿನ್ನೆ, ಶುಕ್ರವಾರ, ಬೆಳಿಗ್ಗೆ ಎಂಟಕ್ಕೆ. ಅಲ್ಲಿ ಆರೂವರೆ. ಒಂದು ಸ್ಕೂಟರಿನ ಬ್ರೇಕ್ ಬಿಚ್ಚಿಟ್ಟು ಓದಿದೆ. ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ನಿನ್ನ ಫೋನು ಕಪಾಟಿನಲ್ಲಿ ಇರುತ್ತದೆ ಎಂದು ಆಮೇಲೆ ನೆನಪಾಯಿತು. ಕಡೆಗೆ ಭಾವನ ನಂಬರಿಗೇ ಮಾಡಿದೆ. ಅಳಿಸಿ ನಾಲ್ಕು ವರ್ಷವಾದರೂ ಬೆರಳಿಗೆ ಗೊತ್ತಿತ್ತು.

ರಿಂಗಾಯಿತು. ಎತ್ತಿದರು. ಹಿಂದೆ ಏನೋ ದೊಡ್ಡ ಗಾಳಿಯ ಸದ್ದು. "ಹಲೋ" ಎಂದರು. ಸ್ವಲ್ಪ ಬಿಟ್ಟು, "ಮುನಾಫಾ?" ಎಂದರು. ಬದುಕಿದ್ದಾರೆ ಎಂದು ಗೊತ್ತಾದ ತಕ್ಷಣ ಹಳೆಯ ಕೋಪ ನೆನಪಾಯಿತು, ಕಟ್ ಮಾಡಿದೆ. ಟ್ಯಾಪು ನೋಡಿಕೊಳ್ಳಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ನಿನ್ನನ್ನು ಹಿಡಿದುಕೊಟ್ಟ ಹಾಗೆ ಎಂದು ನೆಪ ಮಾಡಿಕೊಂಡೆ. ನೆಪವೇ ಅದು. ಹನ್ನೆರಡೂವರೆಗೆ "ಬಂದರು" ಎಂದು ನಿನ್ನ ಮೆಸೇಜು ಬರುವವರೆಗೆ ಆ ಸ್ಕೂಟರಿನ ಬ್ರೇಕು ಬಿಚ್ಚಿದ ಹಾಗೇ ಇತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎಂದು ಉಮ್ಮ ಹೇಳುತ್ತಿದ್ದರು. ನಿನ್ನೆ ಅದರ ಅರ್ಥವಾಯಿತು.

ಮುನಾಫ್

*

ಅಲ್ ಹೈಲ್
7 ಜನವರಿ 2023

ಮುನಾಫ್,

ನಿಲ್ಲಿಸಿದ್ದೇನೆ. ನಿನ್ನ ಮೆಸೇಜು ನೋಡಿದ ದಿನದಿಂದ ಮುಟ್ಟಿಲ್ಲ.

ನಾಲ್ಕು ಶುಕ್ರವಾರ ನನ್ನ ಕೈಯಾರೆ ಅವರನ್ನು ಲಾರಿಯ ಬಾಯಿಗೆ ಕಳಿಸಿದ್ದೆನಾ ಎಂದು ಲೆಕ್ಕ ಹಾಕುತ್ತಾ ಕೂರುತ್ತೇನೆ. ಮೊದಲು ಬೈಕಿನ ಹೆದರಿಕೆ ಇತ್ತು. ಈಗ ನನ್ನದೇ ಹೆದರಿಕೆ. ಹೆದರಿಕೆಯಲ್ಲಿ ನಾನು ಎಂತ ಮಾಡಿಯೇನೆಂದು ನನಗೇ ಗೊತ್ತಿಲ್ಲ.

ನೀನು ಫೋನ್ ಮಾಡಿದ್ದು ಅವರಿಗೆ ಗೊತ್ತಾಗಿದೆ. ಊಟದ ಹೊತ್ತಿಗೆ "ಒಂದು ರಾಂಗ್ ನಂಬರ್ ಬಂದಿತ್ತು" ಎಂದರು. ಹೇಳಿ ನಕ್ಕರು. ಆ ನಗು ನಾನು ನಾಲ್ಕು ವರ್ಷದಿಂದ ನೋಡಿರಲಿಲ್ಲ. ರಿಫಾ ಕೂಡ "ವಾಟ್ ಹ್ಯಾಪನ್ಡ್ ಟು ಉಪ್ಪ?" ಎಂದು ಕೇಳಿದಳು.

ಅವರ ಕೈ ಇನ್ನೂ ಹಾಗೇ. ನಿನ್ನೆ ಹೋಗುವಾಗ ಹೆಲ್ಮೆಟ್ಟಿನ ಪಟ್ಟಿ ಹಾಕಲಿಕ್ಕೆ ಆಗದೆ ಬಾಗಿಲ ಹೊರಗೆ ತುಂಬಾ ಹೊತ್ತು ನಿಂತಿದ್ದರು. ನಾನು ಒಳಗೆ, ಬಾಗಿಲ ಕಣ್ಣಿನಲ್ಲಿ ನೋಡುತ್ತಾ ನಿಂತಿದ್ದೆ. ಹೋಗಿ ಹಾಕಿಕೊಡಬೇಕು ಎನ್ನಿಸಿತು. ಹಾಕಿಕೊಟ್ಟರೆ ಕಳಿಸಿಕೊಟ್ಟ ಹಾಗೆ, ಹಾಕದಿದ್ದರೆ ಹಾಗೇ ಹೋಗುತ್ತಾರೆ. ಏನು ಮಾಡಲಿ ಹೇಳು? ಕಡೆಗೆ ಅವರೇ ಹೇಗೋ ಹಾಕಿಕೊಂಡರು.

ನನ್ನ ಮಾತು ಕೇಳುವವರಲ್ಲ. ನೀನು ಅವರಿಗೆ ಬರೆ. ಬೈಕಿನ ಬಗ್ಗೆ ಅವರು ಜಗತ್ತಿನಲ್ಲಿ ಒಬ್ಬನ ಮಾತು ಕೇಳುತ್ತಿದ್ದರು.

ಫಾತಿಮಾ

*

ಉಪ್ಪಿನಂಗಡಿ
17 ಜನವರಿ 2023

ಭಾವನಿಗೆ ಸಲಾಂ.

ಮೂರು ಕಾಗದ ಹರಿದು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಹಳೆಯ ವಿಷಯ ಇಲ್ಲ.

ನವೆಂಬರಿನಲ್ಲಿ ಅಕ್ಕನಿಗೆ ಪೆಟ್ರೋಲ್ ಟ್ಯಾಪಿನ ವಿಷಯ ಹೇಳಿಕೊಟ್ಟವ ನಾನು. ಅವಳು ನಿಮ್ಮನ್ನು ಮನೆಯಲ್ಲಿ ನಿಲ್ಲಿಸಬೇಕೆಂದು ನಾಲ್ಕು ಸಲ ಮುಚ್ಚಿದಳು. ಏನಾಗಬಹುದೆಂದು ಅವಳಿಗೆ ತಿಳಿಯದು. ನನಗೆ ತಿಳಿಯಬೇಕಿತ್ತು. ಬೈಯುವುದಿದ್ದರೆ ನನಗೆ ಬೈಯಿರಿ, ಅವಳಿಗೆ ಒಂದು ಮಾತೂ ಅನ್ನಬೇಡಿ.

ನಿಮ್ಮ ಎಡಗೈಯ ವಿಷಯ ಗೊತ್ತು. ಕ್ಲಚ್ಚಿನ ಬೆರಳಿಗೆ ಜೀವ ಇಲ್ಲದೆ ಆ ಬೈಕು ಓಡಿಸಬಾರದು ಭಾವ. ಅದು ತಪ್ಪು ಮುಚ್ಚುವ ಬೈಕಲ್ಲ. ನಿಮಗೇ ಗೊತ್ತು.

ಮುನಾಫ್

*

ಅಲ್ ಹೈಲ್
3 ಫೆಬ್ರವರಿ 2023, ಶುಕ್ರವಾರ

ಪ್ರೀತಿಯ ಮುನಾಫ್,

ನಿನ್ನ ಕಾಗದ ಬಂದು ಹತ್ತು ದಿನ ಆಯಿತು. ನಾನು ಲೆಡ್ಜರ್ ಬರೆಯುವವ, ಕಾಗದ ಬರೆದು ಅಭ್ಯಾಸ ಇಲ್ಲ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಟ್ಯಾಪು ಮುಚ್ಚಿದ್ದು ಯಾರೆಂದು ನನಗೆ ಮೊದಲ ದಿನವೇ ಗೊತ್ತಾಯಿತು. ಹೊದಿಕೆಯ ಅಂಚು ನಾನು ಸಿಕ್ಕಿಸುವ ಹಾಗೆ ಇರಲಿಲ್ಲ, ಬೆಡ್‌ಶೀಟಿನ ಅಂಚಿನ ಹಾಗೆ ಒಳಗೆ ಮಡಚಿತ್ತು. ಆದರೆ ಅದು ಹೊಳೆದದ್ದು ಎಂಜಿನ್ ನಿಂತ ಮೇಲೆ. ಮೊದಲು ನಡೆದದ್ದನ್ನು ಹೇಳುತ್ತೇನೆ, ಯಾರಿಗೂ ಹೇಳಿಲ್ಲ.

ಆ ಶುಕ್ರವಾರ ಎಂದಿನ ಹಾಗೆ ಎಡಗೈಯಿಂದ ಟ್ಯಾಪು ಮುಟ್ಟಿ ನೋಡಿದೆ. ತೆರೆದಿದೆ ಎಂದು ಕೈ ಹೇಳಿತು. ನಂಬಿ ಹೊರಟೆ. ಸೀಬ್ ಕಡೆಯ ದೊಡ್ಡ ರಸ್ತೆಗೆ ಸೇರುವಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹಿಂದೆ ನೀರಿನ ಟ್ಯಾಂಕರ್ ಇತ್ತು. ಅವನು ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಎಳೆದ. ನಾನು ಹೇಗೋ ಅಂಚಿಗೆ ಬಂದೆ. ಬಗ್ಗಿ ನೋಡಿದರೆ ಟ್ಯಾಪು ಮುಚ್ಚಿತ್ತು. ಮತ್ತೆ ಮುಟ್ಟಿದೆ. ಟ್ಯಾಪು ಮುಚ್ಚಿದೆ ಎಂದು ಕಣ್ಣು ಹೇಳುತ್ತದೆ, ಬೆರಳು ಏನೂ ಹೇಳುವುದಿಲ್ಲ. ಬೆರಳು ಎಷ್ಟು ತಿಂಗಳಿಂದ ಏನೂ ಹೇಳುತ್ತಿರಲಿಲ್ಲವೋ, ನಾನು ಅಭ್ಯಾಸದಲ್ಲಿ ತೆರೆದಿದೆ ಎಂದುಕೊಳ್ಳುತ್ತಿದ್ದೆನೋ! ರಸ್ತೆಯ ಅಂಚಿನಲ್ಲಿ ಕೂತು ಅತ್ತುಬಿಟ್ಟೆ ಮುನಾಫ್. ಟ್ಯಾಂಕರಿನ ಹೆದರಿಕೆಗಲ್ಲ.

ಆ ದಿನದ ಮೇಲೆ ನಾನು ಬೆಟ್ಟಕ್ಕೆ ಹೋಗಿಲ್ಲ. ಪ್ರತಿ ಶುಕ್ರವಾರ ಮೊದಲ ಗೇರಿನಲ್ಲಿಯೇ ನಿಧಾನ ಅಲ್ ಹೈಲ್ ಸಮುದ್ರದ ಬದಿಗೆ ಹೋಗಿ, ಬೈಕ್ ನಿಲ್ಲಿಸಿ, ಮರಳಿನಲ್ಲಿ ಕೂತು, ಜುಮಾಕ್ಕೆ ಮೊದಲು ಮನೆಗೆ ಬರುತ್ತೇನೆ. ನಾನು ನಿಲ್ಲಿಸಿದೆ ಎಂದು ಗೊತ್ತಾದರೆ ಕೈ ಹೋಗಿದೆ ಎಂದು ಫಾತಿಮಾಳಿಗೆ ಗೊತ್ತಾಗುತ್ತದೆ. ಅವಳು ಹೆದರಬಾರದು ಎಂದು ಹಾಗೆ ಮಾಡಿದೆ. ಅವಳು ಇನ್ನೊಂದು ಹೆದರಿಕೆಯಲ್ಲಿ ಸಾಯುತ್ತಿದ್ದಾಳೆ ಎಂದು ನಿನ್ನ ಕಾಗದದಿಂದ ತಿಳಿಯಿತು. ಒಂದೇ ಮನೆಯಲ್ಲಿ ಇಬ್ಬರು ಮೂರ್ಖರು.

ಉಳಿದ ಶುಕ್ರವಾರಗಳಲ್ಲಿ ಕಣ್ಣಿನಿಂದ ನೋಡಿ ಬಲಗೈಯಿಂದ ತೆರೆದೆ. ಅವಳು ಮುಚ್ಚುತ್ತಿದ್ದಳು, ನಾನು ತೆರೆಯುತ್ತಿದ್ದೆ. ಬೇಸರವಾಗಲಿಲ್ಲ. ಆ ಟ್ಯಾಪಿನ ವಿಷಯ ಅವಳಿಗೆ ಹೇಳಿಕೊಡುವವ ಜಗತ್ತಿನಲ್ಲಿ ಒಬ್ಬನೇ. ಮುಚ್ಚಿದ ಟ್ಯಾಪು ಕಂಡಾಗೆಲ್ಲ ನೀನು ಬಂದು ಹೋದ ಹಾಗೆ ಆಗುತ್ತಿತ್ತು. ಆಮೇಲೆ ನೀನು ಫೋನ್ ಮಾಡಿದೆ, ಮುಂದಿನ ವಾರ ಟ್ಯಾಪು ತೆರೆದೇ ಇತ್ತು. ನಿನಗೆ ನನ್ನ ಜೀವದ ಚಿಂತೆ ಉಂಟು ಎಂದು ತಿಳಿದುಕೊಂಡೆ.

ನೀನು ಹಳೆಯ ವಿಷಯ ಬೇಡ ಎಂದೆ. ನನಗೆ ಬೇಕು. ಆ ಬೈಕಿನ ಕನ್ನಡಿಯಲ್ಲಿ ನಮ್ಮದೇ ಮೊಣಕೈ ಬಿಟ್ಟರೆ ಏನೂ ಕಾಣುವುದಿಲ್ಲ, ನಿನಗೂ ಗೊತ್ತು. ನೀನು ಬಿದ್ದದ್ದು ಕಾಣಲಿಲ್ಲ ಎಂದು ಇಷ್ಟು ವರ್ಷ ಕನ್ನಡಿಯನ್ನು ದೂರಿದೆ. ಕನ್ನಡಿಯಲ್ಲಿ ಕಾಣದಿದ್ದರೆ ಕುತ್ತಿಗೆ ತಿರುಗಿಸಬಹುದಿತ್ತು. ಹನ್ನೊಂದು ಕಿಲೋಮೀಟರ್ ನಾನು ಒಂದು ಸಲವೂ ತಿರುಗಿಸಲಿಲ್ಲ. ಅಷ್ಟು ಖುಷಿಯಲ್ಲಿದ್ದೆ. ಅದನ್ನು ಹೇಳಲಿಕ್ಕೆ ನಾಚಿಕೆಯಾಗಿ ನಿನ್ನ ತಪ್ಪು ಎಂದುಬಿಟ್ಟೆ. ನನ್ನನ್ನು ಮನ್ನಿಸು.

ಬೈಕು ಮಾರಲಿಕ್ಕೆ ಮನಸ್ಸಿಲ್ಲ. ಓಡಿಸಲಿಕ್ಕೆ ಕೈ ಇಲ್ಲ. ವಿಸಿಟ್ ವೀಸಾ ಮಾಡಿಸುತ್ತೇನೆ, ರಂಝಾನಿಗೆ ಮೊದಲು ಒಂದು ವಾರಕ್ಕೆ ಬಾ. ಕುರಿಯಾತ್ ದಾರಿಗೆ ಹೋಗುವ. ನೀನು ಓಡಿಸು, ನಾನು ಹಿಂದೆ ಕೂರುತ್ತೇನೆ. ಹಿಂದೆ ನೋಡುವ ಕೆಲಸ ನನಗಿರಲಿ.

ಈ ಲಕೋಟೆಯನ್ನು ಅಂಟಿಸದೆ ಫಾತಿಮಾಳ ಕೈಗೆ ಕೊಡುತ್ತೇನೆ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ.

ನಿನ್ನ ಭಾವ,
ಬಾದುಶಾ

ಮುನಾಫ್, ಇದು ಅಕ್ಕ. ಲಕೋಟೆ ತೆರೆದೇ ಇತ್ತು, ಓದಿದೆ. ಟ್ಯಾಂಕರಿನ ಸಾಲು ಬಂದಾಗ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಎದ್ದು ಹೋಗಿ ಅವರ ಎಡಗೈ ಹಿಡಿದುಕೊಂಡೆ. ನಾನು ಹಿಡಿದದ್ದು ಅವರಿಗೆ ತಿಳಿಯಲಿಲ್ಲ, ನೋಡಿದ ಮೇಲೆ ತಿಳಿಯಿತು. ಭಾನುವಾರ ಬೌಷರ್‌ನಲ್ಲಿ ನರದ ಡಾಕ್ಟರ ಹತ್ತಿರ ಹೋಗುತ್ತೇವೆ, ಇನ್ನು ಖಲಾಸ್ ಎನ್ನಲಿಕ್ಕೆ ಬಿಡುವುದಿಲ್ಲ. ನೀನು ಬಾ. ಹೆಲ್ಮೆಟ್ಟಿನ ಪಟ್ಟಿ ಇಬ್ಬರಿಗೂ ನಾನೇ ಹಾಕುತ್ತೇನೆ. ಆದರೆ ಜುಮಾಕ್ಕೆ ಮೊದಲು ಇಬ್ಬರೂ ಮನೆಯಲ್ಲಿರಬೇಕು. — ಫಾತಿಮಾ